ಎಲೆಕೋಸು

ಗುರುವಾರ ಸಂಜೆ ಬೀಗದಕೈ ನನ್ನದು.
ಹಲ್ ಊರಿನ ಹಳೇ ಮೀನುಕಟ್ಟೆಯ ಹಿಂದೊಂದು ಕೋಣೆ.
ಹೀಟರ್ ಹಚ್ಚಿದರೆ ಸುಟ್ಟ ಧೂಳಿನ ವಾಸನೆ.
ಎಂಟು ಕುರ್ಚಿ ಎಳೆದು ಹಾಕುತ್ತೇನೆ,
ಒಂದಿಷ್ಟು ಓರೆಯಾಗಿ. ಎದುರುಬದುರಾದರೆ
ಅಳುವವರಿಗೆ ನೋಡಲು ಜಾಗವಿರುವುದಿಲ್ಲ
ಎಂದು ಡೋರೀನ್ ಹೇಳಿಕೊಟ್ಟದ್ದು.

ಅವಳದ್ದು ಅರವತ್ತೆಂಟನೇ ಇಸವಿ.
ಟವೆಲಿನಲ್ಲಿ ಸುತ್ತಿ ಒಯ್ದರಂತೆ. ಗಂಡೋ ಹೆಣ್ಣೋ
ಎಂದದ್ದಕ್ಕೆ, "ಮರೆತುಬಿಡು, ಇನ್ನೊಂದು ಹೆರು."
ನಲವತ್ತು ವರ್ಷ ಆ ಕೆಲಸವನ್ನೇ ಮಾಡಿದಳು.
ಆಮೇಲೆ ಸ್ಮಶಾನದ ದಫ್ತರದಲ್ಲಿ ಒಂದು ಸಾಲು ಸಿಕ್ಕಿತು:
ಹೆಣ್ಣು. ಇನ್ನೂ ಹದಿನಾಲ್ಕು ಕೂಸುಗಳ ಜೊತೆ, ಬೇಲಿ ಬದಿ.
"ಒಂಟಿಯಾಗಿರಲಿಲ್ಲವಲ್ಲ" ಎಂದು ನಕ್ಕಳು ಒಮ್ಮೆ.
ಅದ್ದಿದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು.

ನನ್ನದು ಜನವರಿ.
ಮೂರನೇ ದಿನ ಎದೆಗೆ ಹಾಲು ಬಂತು,
ಅದಕ್ಕಿನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.
ಫೋನಿನಲ್ಲಿ ಅತ್ತೆ: ಋಣ ಇಷ್ಟೇ ಇತ್ತು.
ಫೋನಿನಲ್ಲಿ ಅಮ್ಮ: ಮಲ್ಲಿಗೆ ಕಟ್ಟಿಕೋ ಮಗಾ, ಹಾಲು ಹಿಂಗುತ್ತೆ.
ಮಲ್ಲಿಗೆ!
ಹಂಬರ್ ನದಿಯ ಮೇಲಿನ ಆ ಕೆಸರು ಬೆಳಕಿನಲ್ಲಿ
ನನ್ನವನು ಅಂಗಡಿ ಅಂಗಡಿ ಅಲೆದು ತಂದದ್ದು
ಒಂದು ಬಾಟಲಿ ಮಲ್ಲಿಗೆ ಸೆಂಟು.

ಆಗ ಬಂದವಳು ಅವಳು. ಗುರುತಿಲ್ಲದ ಹೆಂಗಸು,
ಚೀಲದಲ್ಲಿ ಎಲೆಕೋಸು.
"ಫ್ರಿಜ್ಜಿನಲ್ಲಿಡು. ತಣ್ಣಗಾದ ಮೇಲೆ ಒಂದೊಂದೇ ಎಲೆ ಬಿಡಿಸಿ
ಬ್ರಾದೊಳಗೆ. ವಾಸನೆ ಬರುತ್ತೆ, ಬರಲಿ.
ಹೆಸರೇನಿಟ್ಟಿರಿ?"
ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ.
ಇಳಾ, ಎಂದೆ.
ಆ ನಾಲಿಗೆಗೆ ಳಕಾರ ಒಗ್ಗಲಿಲ್ಲ.
ಇಲ್ಲಾ, ಎಂದಳು.
ಇಳಾ, ಎಂದೆ.
ಇಲ್ಲಾ?
ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ ತಾನು ಏನೆನ್ನುತ್ತಿದ್ದೇನೆಂದು.
ಬಾಗಿಲ ಚಳಿಯಲ್ಲಿ ನಿಂತು ನಾವಿಬ್ಬರೂ
ಸರಿಯಾಗುವವರೆಗೂ ಅವಳನ್ನು ಕರೆದೆವು.

ಡೋರೀನ್ ಈಗ ಬರುವುದಿಲ್ಲ, ಮಂಡಿ.
ಹೊರಗೆ ಮೂರು ಗುರುವಾರದಿಂದ ಒಂದು ಬಿಳಿ ವ್ಯಾನು,
ಹೆಂಚು ಹೊದಿಸುವವನದ್ದು, ಏಣಿ ಕಟ್ಟಿದೆ.
ಅವನು ಇಳಿಯುವುದಿಲ್ಲ, ಇಂಜಿನ್ ಆರಿಸುವುದಿಲ್ಲ.
ಇವತ್ತು ಟೀ ತೆಗೆದುಕೊಂಡು ನಾನೇ ಹೋದೆ.
ಗಾಜು ಅರ್ಧ ಇಳಿಸಿದ.
"ನಾನು ಒಳಗೆ ಬರಲ್ಲ."
ಸರಿ, ಎಂದೆ.
"ನನಗೇನೂ ಆಗಿಲ್ಲ. ಅವಳಿಗೆ... ಅಂಗಿ ಎಲ್ಲಾ ಒದ್ದೆ."

ತರಬೇತಿಯಲ್ಲಿ ಹೇಳಬಾರದ ಮಾತುಗಳ ಪಟ್ಟಿ ಕೊಟ್ಟಿದ್ದರು.
ಹೇಳಬೇಕಾದ್ದರ ಪಟ್ಟಿ ಇರಲಿಲ್ಲ.
ಎದುರಿನ ಅಂಗಡಿ ಎಂಟಕ್ಕೆ ಮುಚ್ಚುತ್ತದೆ.
ಓಡಿದೆ.
ತಂದು ಕೊಟ್ಟದ್ದನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡ,
ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕೂತ.
ಎಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದ ಕೈಗಳು.
ನಾನು ಕಿಟಕಿಯ ಪಕ್ಕ ನಿಂತೇ ಇದ್ದೆ.

ಹೆಸರನ್ನು ಇನ್ನೂ ಕೇಳಿಲ್ಲ.
ಟೀ ಆರುತ್ತಿದೆ.