ಲೀವಾ, ಚೀಲ ಹದಿನೇಳು

ಮುಸಫ್ಫಾದ ಲ್ಯಾಬು, ರಾತ್ರಿ ಪಾಳಿ.
ಚೆಯ್ಯಬ್ಬ ಲೀವಾದಿಂದ ಹೊತ್ತು ತಂದ ಮರಳನ್ನು
ಆಸಿಡ್ಡಿನಲ್ಲಿ ತೊಳೆದು, ಚಿನ್ನದ ಲೇಪ ಕೊಟ್ಟು
ಒಂದೇ ಒಂದು ಕಣವನ್ನು ಕಿರಣದಡಿ ಇಟ್ಟೆ.

ಗುಂಡಗಿದೆ. ಉಸಿರು ತಾಗಿದ ಗಾಜಿನ ಹಾಗೆ ಮಬ್ಬು.
ಗಾಳಿಯದೇ ಕೆಲಸ.
ತಮ್ಮತಮ್ಮಲ್ಲೇ ಬಡಿದಾಡಿ ಅಂಚೆಲ್ಲ ಉದುರಿ
ಸಿಮೆಂಟಿಗೆ ಕೈಕೊಡುವ ನುಣುಪು ಇದು.
ಅದಕ್ಕೇ ಈ ಮರಳುಗಾಡಿಗೆ
ಕಟ್ಟಡದ ಮರಳು ಹಡಗಿನಲ್ಲಿ ಬರುತ್ತದೆ.

ಕಣವನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಒಂದು ತಗ್ಗು. ಗಾಳಿಯ ಉಜ್ಜು ತಲುಪದ ಅದರೊಳಗೆ
ಉಳಿಯ ಮೂಲೆ ಕಚ್ಚಿದಂಥ ಮುಮ್ಮೂಲೆ ಗುಳಿಗಳು,
ಹತ್ತೋ ಹನ್ನೆರಡೋ.
ನೀರಿನಲ್ಲಿ ಡಿಕ್ಕಿ ಹೊಡೆದರಷ್ಟೇ ಬೀಳುವ ಗಾಯ.
ಯಾವ ನದಿ? ನಕ್ಷೆಯಲ್ಲಿ ಇಲ್ಲ.

ಚೆಯ್ಯಬ್ಬ ಬಂದು ಬಗ್ಗಿ ನೋಡಿದ.
ಮೂವತ್ತೊಂದು ವರ್ಷದ ಡ್ರೈವರು.
“ಇಷ್ಟು ಉಜ್ಜಿದ್ರೂ ಹೋಗ್ಲಿಲ್ವಾ ಮಾರಾಯ್ರೆ?”
ಎಂದವನು ತನ್ನ ಎಡ ಹೆಬ್ಬೆರಳನ್ನು
ಪರದೆಯ ಬೆಳಕಿಗೆ ಹಿಡಿದ:
ಹಂಚಿನ ಕಾರ್ಖಾನೆ, ಹದಿನಾಲ್ಕನೇ ವಯಸ್ಸು,
ಉಗುರು ಇನ್ನೂ ಎರಡಾಗಿಯೇ ಬೆಳೆಯುತ್ತದೆ.

ವರದಿಯ ಫಾರಮಿನಲ್ಲಿ ‘ಮೂಲ’ ಎಂಬಲ್ಲಿ
ಒಂದೇ ಪದಕ್ಕೆ ಜಾಗ.
ಗಾಳಿ ಎಂದು ಟೈಪಿಸಿದೆ. ಅಳಿಸಿದೆ.
ಹೊರಗೆ ಅವನು ಮೆಟ್ಟಿಲ ಮೇಲೆ ಕೂತು
ಬೂಟು ಕೊಡವುತ್ತಿದ್ದ.