ವಾಪಸು ತಾರೀಖು

ನನ್ನ ಮೇಜಿನ ಮ್ಯಾಲೆ ಒಂದು ಠಸ್ಸಿ ಐತಿ,
ಇಪ್ಪತ್ತೊಂದು ವರ್ಷದ್ದು.
ರಬ್ಬರಿನ ತಿಂಗಳು ತಿರುಗಿ ತಿರುಗಿ
ಮೇ ಅಳಿಸಿ ಹೋಗೈತಿ.
ಮೇದಾಗ ಹೆಂಗೂ ಸೂಟಿ.

ಸಂಖ್ಯಾಶಾಸ್ತ್ರದ್ದು ಒಂದ ಪ್ರತಿ,
ಎಂಟುನೂರಾ ತೊಂಬತ್ತು ರೂಪಾಯಿ, ಕಪಾಟಿಗೆ ಕೀಲಿ.
ಅರವತ್ತೆರಡು ಹುಡುಗರು, ತಲಿಗೊಂದು ತಾಸು.
ನಡುವಿನ ಮೂರು ಹಾಳಿ
ಯಾರೋ ಬ್ಲೇಡಿನಿಂದ ಎತ್ತಿದ್ದರು.
ಸಿಟ್ಟು ಬರಲಿಲ್ಲ ನನಗ.
ಮರುದಿನ ಪರೀಕ್ಷಿ ಇತ್ತು.

ಬಾಕಳೆ ಸರ್ ಹಂತೇಕ ಹೋದೆ.
"ನಿಮ್ಮ ನೋಟ್ಸ್ ಕೊಡ್ರಿ, ಟೈಪ್ ಮಾಡೋದು ನನಗಿರಲಿ.
ಯಾರರ ಓದಲಿ, ತಿದ್ದಲಿ, ಹಂಚಲಿ,
ನನ್ನ ಹೆಸರು ಹೇಳಿದರ ಸಾಕು ಅಂತ
ಕೆಳಗೊಂದು ಸಾಲು ಬರೀರಿ."
ಚಷ್ಮಾ ಒರಸಿಕೊಂಡರು.
"ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿಲ್ರಿ ಮೇಡಂ."
"ಬೆಟಗೇರಿ ಓಣ್ಯಾಗ ನಿಮ್ಮ ಆಯಿ
ದಡಿಗೆ ಹೂವು ಹಾಕೋದು
ಮಗ್ಗಮಗ್ಗಕ್ಕ ಹೋಗಿ ಕಲಿಸಿದ್ರಂತಲ್ಲ,
ಬಿಲ್ಲು ಹರಿದಿದ್ರೇನ್ರೀ?"
ಅವತ್ತು ಉತ್ತರ ಇಲ್ಲ.
ಸೋಮವಾರ ಟ್ರಂಕು ಬಂತು, ಆಟೋದಾಗ.

ಡಾಲರು ತಗದ್ವಿ. ಬೇಸ್‌ಬಾಲು ತಗದ್ವಿ.
ಸರಾಸರಿಗೆ ಶೇಂಗಾದ ದರ,
ವಿಚಲನೆಗೆ ಗುಂತಕಲ್ ಪ್ಯಾಸೆಂಜರು,
ದಿನಾ ಎಷ್ಟು ನಿಮಿಷ ತಡ ಅನ್ನೋದು.
"ಇದಕ್ಕ ಅಕ್ಸೆಶನ್ ನಂಬರ್ ಎಲ್ಲಿ ಬರೀತೀರಿ?"
ಪ್ರಾಚಾರ್ಯರ ಪ್ರಶ್ನೆ. ನನಗೂ ಗೊತ್ತಿರಲಿಲ್ಲ.
ಝೆರಾಕ್ಸಿನ ಮುನ್ನಾಸಾಬ ಮಾತ್ರ ಕೂಡಲೇ ತಿಳಕೊಂಡ.
ಫೋನಿಲ್ಲದವರಿಗೆ ನಲವತ್ತಕ್ಕೊಂದು ಸ್ಪೈರಲ್,
ಪಠ್ಯಪುಸ್ತಕವೊಂದನ್ನ ಮೊದಲ ಸಲ
ಶಟರ್ ಪೂರ್ತಿ ಎತ್ತಿ ಪ್ರತಿ ತಗದ.

ಹದಿನೈದು ದಿನಕ್ಕ ಒಬ್ಬಾಕಿ ಬಂದ್ಲು,
ಹರ್ಲಾಪುರದಾಕಿ, ಚಪ್ಪಲಿ ಕೈಯಾಗ.
"ನಲವತ್ತೊಂದನೇ ಪುಟ ತಪ್ಪೈತ್ರಿ.
ಮಂಗಳವಾರ ಗಾಡಿ ಬರಲೇ ಇಲ್ಲ,
ನೀವು ಸೊನ್ನಿ ಬರದೀರಿ.
ಸೊನ್ನಿ ಅಂದ್ರ ಹೊತ್ತಿಗೆ ಸರಿಯಾಗಿ ಬಂತು ಅಂತ ಆಗ್ತೈತಿ.
ಅವತ್ತು ನನ್ನ ಟೆಸ್ಟ್ ಹೋತು."

ಕೀಲಿಯೊಳಗಿನ ಪುಸ್ತಕಕ್ಕ
ಹಿಂಗ ಯಾರೂ ಬೈದಿರಲಿಲ್ಲ.
ಸರ್ ಎರಡು ಸಲ ಲೆಕ್ಕ ಹಾಕಿ
ಸೊನ್ನಿ ತಗದು ಜಾಗ ಖಾಲಿ ಬಿಟ್ಟರು,
ಬುಡಕ್ಕ ಸಣ್ಣ ಅಕ್ಷರ:
ತಿದ್ದಿದವರು, ಹುಲಿಗೆಮ್ಮ ಕೊಪ್ಪದ,
ಬಿಎಸ್ಸಿ ಎರಡನೇ ವರ್ಷ.

ಆಕಿ ಹೊಂಟಾಗ ರೂಢಿಲೆ
ನನ್ನ ಕೈ ಠಸ್ಸಿಗೆ ಹೋತು.
ವಾಪಸು ತರೋದು ಏನೂ ಇರಲಿಲ್ಲ.
ಐದೂ ನಲವತ್ತರ ಗಾಡಿ. ಓಡಿದ್ಲು.
ಕಿಡಕಿಯಿಂದ ಒದರಿದೆ:
ಇವತ್ತೆಷ್ಟು ತಡ, ಬರಕೊಂಡು ಬಾ.