ಯಾರು ಮೊದಲು ವಾಲಿದ್ದು

ಮೈಲೂರು ರಸ್ತೆಯ ಕಾಲೇಜಿನ ಲ್ಯಾಬಿಗೆ
ಶನಿವಾರ ಮಧ್ಯಾಹ್ನ, ಹುಡುಗರೆಲ್ಲ ಹೋದ ಮೇಲೆ
ಮಶಾಟಾ ಖೈರಾಪಾ ಬಂದಳು,
ಚಪ್ಪಲಿ ಹೊರಗೆ ಬಿಟ್ಟು, ದರ್ಗಾದೊಳಗೆ ಕಾಲಿಡುವಂತೆ.

ಬೀದರಿನ ಎಷ್ಟೋ ಮದುವೆ
ಅವಳ ಹಸಿರು ರೆಕ್ಸಿನ್ ಚೀಲದಿಂದ ಎದ್ದು ಹೋದವು.
ಝಿಪ್ಪು ಕೆಟ್ಟಿದೆ. ಒಳಗೆ ಫೋಟೊ, ಅಡಿಕೆ ಚೂರು,
ಚಿಟಗುಪ್ಪಾಕ್ಕೆ ಹೋಗಿಬಂದ ಬಸ್ಸಿನ ಟಿಕೆಟ್ಟು.

"ಒಂದು ಕಣ್ಣು ಮುಚ್ಚಿ ಏನ್ ನೋಡ್ಲತ್ತಿ?"
"ಯೀಸ್ಟ್, ಖೈರಾಪಾ. ಬ್ರೆಡ್ ಉಬ್ಬಿಸ್ತಾರಲ್ಲ, ಅದರ ಬಳಗ.
ಇವತ್ತು ಇವಕ್ಕ ನಿಕಾಹ್."
ನಕ್ಕಳು. ಕನ್ನಡಕ ಹಣೆಗೇರಿಸಿ ಸ್ಟೂಲೆಳೆದು ಕೂತಳು.
ಇನ್ನು ಕಸುಬು ಅವಳದು,
ನಾನು ಬರೀ ತಿರುಪು ತಿರುಗಿಸುವವನು.

"ಗಂಡ್ಯಾವುದು, ಹೆಣ್ಯಾವುದು?"
ಎರಡೂ ಅಲ್ಲ. ಎ ಅಂತ ಒಂದು ಬಣ, ಆಲ್ಫಾ ಅಂತ ಇನ್ನೊಂದು.
ನೆನೆದ ಸಾಬೂದಾಣಿಯ ಹಾಗೆ, ಮೋರೆಯಲ್ಲಿ ಫರಕಿಲ್ಲ.
"ಮತ್ತ ಗುರ್ತು ಹ್ಯಾಂಗ?"
ವಾಸನೆಯಿಂದ ಅಂದೆ. ವಾಸನೆಯಂಥದೇ ಏನೋ.
ಎ ತನ್ನದೊಂದು ಸುಳಿವನ್ನು ನೀರಿಗೆ ಬಿಡುತ್ತದೆ,
ಆಲ್ಫಾ ತನ್ನದೊಂದು.
ಆಚೆ ಬಣದ ಸುಳಿವಿಗಷ್ಟೇ ಮೈಮೇಲೆ ಬಾಗಿಲು;
ತನ್ನವರು ತಟ್ಟಿದರೆ ಕೇಳಿಸುವುದೇ ಇಲ್ಲ.

"ಯಾರು ಮೊದಲು ಹೇಳಿ ಕಳಸ್ತಾರ?"
ಮೊದಲು ಅನ್ನುವುದಿಲ್ಲ.
ಎರಡೂ ಕರೆಯುತ್ತಲೇ ಇರುತ್ತವೆ, ಸುತ್ತ ಯಾರೂ ಇಲ್ಲದಾಗಲೂ.
ಉತ್ತರ ತಾಕಿದ ಗಳಿಗೆ
ಮೊಗ್ಗೊಡೆಯುವುದನ್ನು ನಿಲ್ಲಿಸುತ್ತವೆ,
ಹಿಟ್ಟು ನಾದುವ ಕೈ ಬಾಗಿಲ ಸಪ್ಪಳಕ್ಕೆ ತಡೆದಂತೆ.
ಕಾಲಿಲ್ಲವಲ್ಲ, ಹೋಗಲಾರವು.
ಸುಳಿವು ದಟ್ಟವಾದ ಕಡೆಗೆ ಮೈಯನ್ನೇ ಚಾಚುತ್ತವೆ,
ಸುರಾಹಿಯ ಕೊರಳು ಮೂಡಿದಂತೆ.

ಎ-ಗೆ ಇನ್ನೊಂದು ಚಾಳಿ:
ಬಂದ ಸುಳಿವನ್ನು ತಾನೇ ಕತ್ತರಿಸಿ ಚೆಲ್ಲುವುದು.
"ಅಯ್ಯ, ಯಾಕ?"
ಎಲ್ಲ ಕಡೆ ಅದೇ ತುಂಬಿದರೆ
ಎತ್ತಲಿಂದ ಬಂತೆಂದು ತಿಳಿಯದಲ್ಲ.
ಖೈರಾಪಾ ತಲೆಯಾಡಿಸಿದಳು:
"ಖರೆ ಅದ. ಬಾಳ ಮಂದಿ ಹೊಗಳಿದ ಸಂಬಂಧ
ನಾ ಅರ್ಧಾ ಈ ಕಿವಿಯಿಂದ ಬಿಟ್ಟ ಬಿಡ್ತೀನಿ."

ಆಮೇಲೆ ಮೈಗೆ ಮೈ.
ಒಂದರ ಗೋಡೆಯ ಮೇಲೆ ಗುಂಡಿ, ಇನ್ನೊಂದರ ಮೇಲೆ ಕಾಜ,
ಶೇರ್ವಾನಿಗೆ ಹೊಲಿದ ಹಾಗೆ. ಒಮ್ಮೆ ಕೂತರೆ
ಶೀಶೆ ಅಲ್ಲಾಡಿಸಿದರೂ ಬಿಡವು.
ನಡುವಿನ ಗೋಡೆ ತೆಳ್ಳಗಾಗುತ್ತದೆ, ತೂತಾಗುತ್ತದೆ,
ಎರಡು ಮನೆಗೆ ಒಂದೇ ಅಂಗಳ.

"ಅಗೋ!" ಅಂದಳು, ಮೇಜು ಗುದ್ದಿ.
ಚಿತ್ರ ಕದಲಿತು, ಮತ್ತೆ ಹಿಡಿದುಕೊಟ್ಟೆ.
ಬಹಳ ಹೊತ್ತು ನೋಡಿದಳು. ಬಳಿಕ, ದನಿ ಇಳಿಸಿ:
"ಈ ಅಂಚಿಂದು? ಕೊರಳ್ ಚಾಚೇದ, ಅತ್ತ ಯಾರೂ ಇಲ್ಲ."
ಸ್ವಲ್ಪ ಹೊತ್ತು ಹಾಗೇ ಇರುತ್ತದೆ ಅಂದೆ.
ಬರದಿದ್ದರೆ ಮತ್ತೆ ಮೊಗ್ಗೊಡೆಯುತ್ತದೆ, ತನ್ನಷ್ಟಕ್ಕೆ.
"ಅಳಂಗಿಲ್ಲೇನು?"
ಸಿಲೆಬಸ್ಸಿನಲ್ಲಿಲ್ಲ.

ಆಗ ಚೀಲ ಬಿಚ್ಚಿದಳು.
ನನ್ನಕ್ಕ ಸಫೂರಾ, ಹನ್ನೊಂದು ವರ್ಷದ ಹಿಂದಿನವಳು,
ಸ್ಟುಡಿಯೋದ ನೀಲಿ ಪರದೆ, ಕೈಯಲ್ಲಿ ಪ್ಲಾಸ್ಟಿಕ್ ಗುಲಾಬಿ.
"ವಾಪಸ್ ಕೊಡಬೇಕಂತ ಬಂದೆ. ಅಕಿ ಕೇಳಂಗಿಲ್ಲ,
ನನಗೇ ವಜ್ಜ ಆಗ್ಯದ."
ಅಕ್ಕ ಕೇಳುವುದಿಲ್ಲ, ನಿಜ.
ಚೌಬಾರಾದ ಹಿಂದೆ ಅವಳದೇ ಬೋರ್ಡು ಈಗ,
ನಾಲ್ಕು ಮಿಷಿನ್ನು, ರಂಜಾನ್ ತಿಂಗಳಲ್ಲಿ ನಿದ್ದೆಯಿಲ್ಲ.

ಇಸಕೊಳ್ಳಹೋದರೆ
ಫೋಟೊದ ಬೆನ್ನಿಗೆ ಇನ್ನೊಂದು ಅಂಟಿತ್ತು.
ಎಷ್ಟು ಮಳೆಗಾಲದ ಥಂಡಿಯೋ.
ಹುಮನಾಬಾದಿನ ಯಾವನೋ, ಆಗತಾನೆ ಮೀಸೆ ಬಂದವನು,
ಖೈರಾಪಾಗೆ ಹೆಸರು ನೆನಪಾಗಲಿಲ್ಲ.
ಉಗುರು ತೂರಿಸಿ ಮೆಲ್ಲಗೆ ಬಿಡಿಸಿದಳು, ಚರ್ರೆಂದಿತು.
ಅಕ್ಕನ ಬೆನ್ನ ಬಿಳಿಯ ಮೇಲೆ ಉಳಿಯಿತು
ಅವನದೊಂದು ಕಿವಿ, ಕಾಲರಿನ ತುದಿ.

"ಹಿಂಗ ಹ್ಯಾಂಗ ಕೊಡ್ಲಿ ಅಕಿಗೆ?" ಅಂದಳು,
ಎರಡನ್ನೂ ಸ್ಲೈಡಿನ ಪಕ್ಕ ಇಟ್ಟು,
ಒಂದು ಕಣ್ಣು ಮುಚ್ಚಿ.